ನಿಂತುಹೋದ ಬಸ್ಸಿನ ಪ್ರಬಂಧ

ಗುರುವಾರ, ಮಾರ್ಚ್ ೧೪

ಆ ಪ್ರಬಂಧದ ಗೋಳು ಇವತ್ತಿಗೆ ಮುಗಿಯಿತು. ಅಮ್ಮ ಲಾಂಡ್ರಿ ಕೆಲಸಕ್ಕೆ ಹೋಗುತ್ತಿದ್ದ ಬೆಳಗಿನ ಬಸ್ಸನ್ನು ಯಾಕೆ ನಿಲ್ಲಿಸಿದರು ಎಂಬುದೇ ನನ್ನ ವಿಷಯ. ಅರ್ಥಶಾಸ್ತ್ರದ ಮೇಷ್ಟ್ರು ಅದನ್ನು ರಾಜಕೀಯ ಎಂದು ವಾಪಸು ಕೊಟ್ಟಿದ್ದರು. ರಾಜ್ಯಶಾಸ್ತ್ರದ ಮೇಡಂ ಅರ್ಥಶಾಸ್ತ್ರ ಎಂದು. ಎರಡನ್ನೂ ಒಟ್ಟಿಗೆ ಓದುವವಳ ಪಾಡು ಇದು.

ಇವತ್ತು ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದೆ.

"ಬಸ್ಸು ನಷ್ಟದಲ್ಲಿತ್ತಲ್ಲ," ಎಂದರು ಮೇಷ್ಟ್ರು.

"ನಷ್ಟ ಅಂತ ತೀರ್ಮಾನ ಮಾಡಿದವರು ಯಾರು?" ಎಂದರು ಮೇಡಂ.

"ಎರಡಕ್ಕೂ ಉತ್ತರ ಎಂಟನೇ ಪುಟದಲ್ಲಿದೆ," ಎಂದೆ.

ಇಬ್ಬರೂ ಒಟ್ಟಿಗೇ ಬಗ್ಗಿ ಓದಿದರು. ಆಮೇಲೆ ಒಂದು ಗಂಟೆ ಜಗಳ; ನಾನು ಎದುರಿಗಿರುವುದೇ ಅವರಿಗೆ ಮರೆತುಹೋಗಿತ್ತು. ಕಾಲೇಜಿನಲ್ಲಿ ಸೀಟು ಸಿಕ್ಕ ದಿನವೂ ನಾನು ಇಷ್ಟು ಬೀಗಿರಲಿಲ್ಲ.

ಅಮ್ಮನಿಗೆ ಹೇಳಿದೆ.

"ಬಸ್ಸು ಮತ್ತೆ ಬರುತ್ತಾ?"

"ಗೊತ್ತಿಲ್ಲಮ್ಮ."

"ಇರಲಿ ಬಿಡು. ಅಷ್ಟು ಓದಿದವರು ನನ್ನ ಬಸ್ಸಿಗೋಸ್ಕರ ಜಗಳ ಆಡಿದ್ರಲ್ಲ," ಎಂದು, ಕೆಲಸಕ್ಕೆ ನಡೆದು ಹೋಗಲು ನಾಲ್ಕಕ್ಕೆ ಅಲಾರಾಂ ಇಟ್ಟು, ನಗುತ್ತಲೇ ಮಲಗಿದಳು.