ನಿಖಿತಾಳಿಗೆ ಪೀಠ ಹಾಕಬೇಡಿ

ಸಯನ್, ಸೋಮವಾರ

ಅತ್ತಿಗೆಗೆ ರಾಜೀವಿಯ ನಮಸ್ಕಾರ.

ನವರಾತ್ರಿ ಭಜನೆಗೆ ಮಗಳು ನಿಖಿತಾಳನ್ನು ಕಾಂದಿವಲಿಗೆ ಕಳಿಸುವುದಿಲ್ಲ. ದೇವಿಯೆಂದು ಪೀಠದಲ್ಲಿ ಕೂರಿಸಲು ನೀವು ಅವಳಿಗೆಂದು ತಂದ ಕೆಂಪು ಸೀರೆ ಅಂಗಡಿಗೆ ವಾಪಸ್ ಕೊಟ್ಟುಬಿಡಿ. ಢೋಲು ಬಡಿದ ಕೂಡಲೇ ಅವಳು ಬೀಳುವುದು ಮೈಮೇಲೆ ದೇವಿ ಬರುವುದರಿಂದಲ್ಲ. ಜೋರು ಸದ್ದಿಗೆ ಅವಳ ಹೃದಯದ ಬಡಿತ ತಪ್ಪುತ್ತದೆಂದು ನಿನ್ನೆ ಡಾಕ್ಟರು ಇಸಿಜಿ ತೋರಿಸಿ ಹೇಳಿದರು. ಮನೆಯ ಕಾಲಿಂಗ್ ಬೆಲ್ ಕಿತ್ತುಹಾಕಿಸಿದ್ದೇನೆ. ಕುಕ್ಕರ್ ಕೂಗಿದರೂ ಓಡಿಹೋಗಿ ಅವಳ ಮುಖ ನೋಡುತ್ತೇನೆ.

ಇದು ಅವಳಿಗೆ ಅಪ್ಪನಿಂದ, ಅಂದರೆ ನಿಮ್ಮ ತಮ್ಮನ ಕಡೆಯಿಂದ ಬಂದದ್ದಂತೆ. ನಿಮ್ಮ ಮಗ ರೋಶನ್‌ಗೂ ಈ ವಾರವೇ ಇಸಿಜಿ ಮಾಡಿಸಿ. ಅಲಾರಂ ಹೊಡೆದಾಗ ಅವನು ಬಿದ್ದದ್ದಕ್ಕೆ ನಾವು ನಕ್ಕಿದ್ದೆವು.

ಹೋದ ವರ್ಷ ನಿಖಿತಾ ಬಿದ್ದಾಗ ನೀವು "ಅಮ್ಮ ಬಂದ್ರು" ಎಂದು ಕೈಮುಗಿದಿರಿ. ಹೆತ್ತವಳು ನಾನು, ಉಸಿರಿದೆಯಾ ಎಂದು ನೋಡದೆ ಆರತಿ ಎತ್ತಿದೆ.

ನಿಮ್ಮ
ರಾಜೀವಿ