ಗಂಟೆ ಅಣ್ಣ

ಫೆಬ್ರವರಿ 3, ಬೆಳಿಗ್ಗೆ
ಮತ್ತೆ ಅದೇ ಕಥೆ. ಸರ್ವರ್ ಬಾಡಿಗೆಗೆ ಕೇಳಿದವರು ಕಾದು ಕಾದು ಬೈದು ಹೋದರು. ಅಣ್ಣ ಮಾತ್ರೆ ನುಂಗಿ ಮಲಗಿದ್ದ.
ಆನ್‌ಲೈನ್ ಆಟದ ಸರ್ವರ್‌ಗಳನ್ನು ಗಂಟೆ ಲೆಕ್ಕದಲ್ಲಿ ಕೊಡುವ ಕಂಪನಿ ನಮ್ಮದು. ಕಂಪನಿ ಅಂದರೆ ಹಿಂದಿನ ಕೋಣೆ, ಗೋಡೆಗೆ ಸಾಲಾಗಿ ಮಿಷನ್ನು, ಎರಡು ಫ್ಯಾನು, ಒಬ್ಬ ಅಣ್ಣ. ಆನ್ ಮಾಡುವವನೂ ಅವನೇ. ಗಂಟೆ ಮುಗಿಯುವ ಮುಂಚೆ ಆಟದೊಳಗಿನ ಚಾಟ್‌ಗೆ ಹೋಗಿ ಎಚ್ಚರಿಸುವವನೂ ಅವನೇ — "ಕೋಟೆ ಆಮೇಲೆ ಕಟ್ಟಿ ಸ್ವಾಮಿ, ಮೊದಲು ಗಂಟು ಕಟ್ಟಿ." ಗಿರಾಕಿಗಳು ಇಟ್ಟ ಹೆಸರು ಗಂಟೆ ಅಣ್ಣ. ಆಪರೇಷನ್‌ನಲ್ಲಿ ಗಂಟಲು ಹೋಯಿತು, ಗಂಟೆ ಉಳಿಯಿತು. ಬಾಯಲ್ಲಿ ಮಾತಿಲ್ಲ; ಇಡೀ ದಿನ ಅವನು ಆಡುವ ಮಾತೆಲ್ಲ ಆ ಚಾಟ್‌ನಲ್ಲೇ.

ಫೆಬ್ರವರಿ 5
ಅಣ್ಣನ ಕೆಲಸ ತಾನೇ ಮಾಡುವ ಪ್ರೋಗ್ರಾಂ, ಒಂದು ಸ್ಕ್ರಿಪ್ಟ್, ಬರೆಯಲು ಕೂತೆ. ಬುಕ್ ಆದ ಕೂಡಲೇ ಸರ್ವರ್ ತಾನೇ ಏಳುತ್ತದೆ, ಗಂಟೆ ಮುಗಿದರೆ ತಾನೇ ಮಲಗುತ್ತದೆ. ಈ ಮನೆಯಲ್ಲಿ ಎಬ್ಬಿಸದೆ ಏಳುವ ಮೊದಲ ಪ್ರಾಣಿ.
ಅತ್ತಿಗೆ ಬಾಗಿಲಲ್ಲಿ ನಿಂತರು.
"ಎಲ್ಲಾ ಅದೇ ಮಾಡಿದ್ರೆ ನಿಮ್ಮಣ್ಣ ಏನೋ ಮಾಡ್ಬೇಕು?"
"ರೆಸ್ಟು, ಅತ್ತಿಗೆ."
"ಹೂಂ. ಡಾಕ್ಟ್ರು ಗಂಟಲಿಗೆ ಕೊಟ್ರು, ನೀನು ಬೆರಳಿಗೂ ಕೊಡು."
ನನ್ನ ಜೋಕುಗಳಿಗಿಂತ ಚೆನ್ನಾಗಿತ್ತು. ಅದೇ ಬೇಜಾರು.

ಫೆಬ್ರವರಿ 16
ಎಲ್ಲ ಮಿಷನ್ನೂ ಭರ್ತಿ. ಆದರೆ ದೂರು — "ಹೇಳದೆ ಕೇಳದೆ ಆಫ್ ಆಗತ್ತೆ. ಗಂಟೆ ಅಣ್ಣ ಎಲ್ಲಿ?"
ಅಣ್ಣನಿಗೆ ತೋರಿಸಲಿಲ್ಲ. ಅವನು ಮಿಷನ್ ಮೇಲಿನ ಧೂಳು ಒರೆಸುತ್ತಿದ್ದ. ಒರೆಸಿದ್ದನ್ನೇ.

ಫೆಬ್ರವರಿ 17
ತಲೆ ಓಡಿತು. ಹಳೆಯ ಚಾಟ್‌ಗಳನ್ನೆಲ್ಲ ಬಾಚಿ, ಅಣ್ಣನ ಮಾತುಗಳನ್ನು ಸ್ಕ್ರಿಪ್ಟ್‌ಗೆ ತುಂಬಿದೆ. ಈಗ ಚಾಟ್‌ನಲ್ಲಿ ಅವನ ಹೆಸರಿನಲ್ಲಿ ಅದೇ ಹೇಳುತ್ತದೆ. ಗಿರಾಕಿಗಳು ಕೇಳಿದರು —
"ಅಣ್ಣ ಬಂದ್ರು ಕಣ್ರೋ. ಹುಷಾರಾದ್ರಾ ಅಣ್ಣ?"
"ನಿಮ್ಮನ್ನ ನೋಡಿ ಹುಷಾರಾದೆ." — ಅದನ್ನೂ ಹಾಕಿಟ್ಟಿದ್ದೆ.
ಅಣ್ಣ ನನ್ನ ಬೆನ್ನ ಹಿಂದೆ ನಿಂತು ಓದಿದ. ಫೋನಿನಲ್ಲಿ ಬರೆದು ತೋರಿಸಿದ — ಯಾರಿಗೂ ಗೊತ್ತಾಗ್ಲಿಲ್ವಾ?
"ಒಬ್ಬರಿಗೂ ಇಲ್ಲ" ಅಂದೆ. ಅವನನ್ನು ಹೊಗಳುತ್ತಿದ್ದೇನೆ ಅಂದುಕೊಂಡಿದ್ದೆ.

ಮಾರ್ಚ್ 9
ಬರೆಯಲು ಏನೂ ಇರಲಿಲ್ಲ. ಎಲ್ಲ ತಾನಾಗಿ ನಡೆಯುತ್ತಿದೆ. ಅಣ್ಣ ಫೋನಿನಲ್ಲಿ ಬರೆದು ತೋರಿಸುವುದನ್ನೂ ಬಿಟ್ಟಿದ್ದಾನೆ. ಬೇಕು ಬೇಡ ಎಲ್ಲಕ್ಕೂ ತಲೆಯಾಡಿಸುವುದಷ್ಟೆ.
"ತಲೆ ಆಡ್ಸೋದೊಂದು ಬಾಕಿ ಇದೆ" ಅಂದರು ಅತ್ತಿಗೆ. "ಅದನ್ನೂ ಆಟೋಮ್ಯಾಟಿಕ್ ಮಾಡ್ಬಿಡು."
ನಗು ಬರಲಿಲ್ಲ.

ಮಾರ್ಚ್ 12, ಮಧ್ಯಾಹ್ನ
ಸ್ಕ್ರಿಪ್ಟ್‌ನಲ್ಲಿ ಒಂದು ನಿಯಮವಿದೆ — ಮೂವರು ದೂರು ಕೊಟ್ಟರೆ ಆಟಗಾರ ಹೊರಗೆ. ಪೋಕರಿಗಳಿಗಾಗಿ ನಾನೇ ಬರೆದದ್ದು. ಇವತ್ತು ಅದು ಒಬ್ಬನನ್ನು ಹೊರಗೆ ಹಾಕಿತು. ಹೆಸರು 'ಗಂಟೆ ಅಣ್ಣ 2'.
ಚಾಟ್ ತೆಗೆದು ಓದಿದೆ.
"ನಾನೇ ನಿಜವಾದವನು. ಹೇಗಿದ್ದೀರಿ ಎಲ್ಲರೂ?"
"ಯಾರೋ ಡೂಪ್ಲಿಕೇಟು."
"ನಮ್ಮಣ್ಣ ಹೀಗೆಲ್ಲ ಬರೆಯಲ್ಲ. ಒಂದು ಜೋಕ್ ಹೇಳು ನೋಡೋಣ."
"ಈ ಆಟದಲ್ಲಿ ಸತ್ತವರೆಲ್ಲ ಎದ್ದು ಬರ್ತಾರೆ. ಬದುಕಿದ್ದವನಿಗೆ ಮಾತ್ರ ಪ್ರೂಫ್ ಬೇಕು."
ಹೊಸದು. ಹೊಸದಾದ್ದರಿಂದಲೇ ಯಾರೂ ನಂಬಲಿಲ್ಲ. ಮೂರು ದೂರು.
ಅವನು ಯಾವ ಕಂಪ್ಯೂಟರ್‌ನಿಂದ ಬಂದಿದ್ದ ಅಂತ ನೋಡಿದೆ. ಪಕ್ಕದ ಕೋಣೆಯದು...

ಅದೇ ದಿನ, ಸಂಜೆ
ಬ್ಲಾಕ್ ತೆಗೆದೆ. ಸ್ಕ್ರಿಪ್ಟ್‌ನಿಂದ ಅವನ ಹೆಸರು, ಮಾತು, ಎಲ್ಲ ಅಳಿಸಿದೆ. ಗಿರಾಕಿಗಳಿಗೆಲ್ಲ ನಿಜ ಬರೆದು ಕಳಿಸಿದೆ. ಬಂದ ಮೊದಲ ಉತ್ತರ — "ಇರಲಿ ಬಿಡಿ, ಆ ಹಳೇ ಅಣ್ಣನ್ನೇ ವಾಪಸ್ ಹಾಕಿ."
ಹಳೇ ಅಣ್ಣ ಅಂದರೆ ಸ್ಕ್ರಿಪ್ಟು.
ಅಣ್ಣನ ಕೋಣೆಗೆ ಹೋದೆ. "ಈಗ ಚಾಟ್‌ಗೆ ಹೋಗು ಅಣ್ಣ, ನಿನ್ನ ಹೆಸರು ನಿನಗೇ ಇದೆ."
ಕೀಬೋರ್ಡನ್ನು ನನ್ನ ಕಡೆ ತಳ್ಳಿದ. ಎಷ್ಟೋ ದಿನದ ಮೇಲೆ ಫೋನು ಎತ್ತಿಕೊಂಡು ಬರೆದ — ನೀನೇ ಹೇಳು. ನನ್ನ ಥರ ಮಾತಾಡೋದು ನಿನಗೇ ಚೆನ್ನಾಗಿ ಬರತ್ತೆ.
ಅವನ ಎದುರಿಗೇ ಕೂತು ಇದನ್ನು ಬರೆಯುತ್ತಿದ್ದೇನೆ. ಗಂಟೆ ಮುಗಿಯುತ್ತ ಬಂತು. ಆಟದೊಳಗೆ ಜನ ಇದ್ದಾರೆ. ಏನಾದರೂ ಹೇಳಬೇಕು. ಅವನು ಪರದೆಯನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾನೆ, ಒಂದು ಮಾತೂ ನೆನಪಿಗೆ —