ಸೇತುವೆ ಕಂಬದ ಒಂದು ಅಡಿ

ಏಪ್ರಿಲ್ 4, ಬೆಳಿಗ್ಗೆ 9
ಹಳ್ಳದ ನೀರು ಎರಡು ಅಡಿ. ಆಫೀಸಿಗೆ ಬರುವಾಗ ಸೇತುವೆ ಮೇಲೆ ನಿಂತು ನೋಡಿ, ಅಳತೆ ಪುಸ್ತಕದಲ್ಲಿ ಬರೆದುಕೊಂಡೆ. ಹದಿನಾರು ವರ್ಷದ ಚಟ. ತಾರೀಕು ಹಾಕದೆ ಒಂದು ಅಂಕಿಯನ್ನೂ ಬರೆದವಳಲ್ಲ ನಾನು.

ಹೊಸ ಇಂಜಿನಿಯರ್ ಬಂದು ಇಪ್ಪತ್ತು ದಿನ. ಆಗಲೇ ಸಾಹೇಬರ ಬಾಯಲ್ಲಿ ಅವಳದೇ ಜಪ. ನನ್ನನ್ನು ‘ಅಕ್ಕಾ’ ಎನ್ನುತ್ತಾಳೆ. ಯಾವ ಜನ್ಮದ ಅಕ್ಕನೋ!

ಏಪ್ರಿಲ್ 9
ಮೀಟಿಂಗ್. ಹಳ್ಳ ಉಕ್ಕಿ ಊರೊಳಗೆ ನುಗ್ಗದಂತೆ ಮಾಡಲು ಎರಡು ಪ್ಲಾನ್. ನನ್ನದು ದಂಡೆಯುದ್ದಕ್ಕೂ ಗೋಡೆ. ಮೂರು ವರ್ಷದ ಹಿಂದೆ ಪ್ರವಾಹ ಬಂದಾಗಿನಿಂದ ಹೇಳುತ್ತಲೇ ಇದ್ದೇನೆ. ಅವಳದು — ಊರಿನ ಮೇಲ್ಗಡೆಯ ಖಾಲಿ ಬಯಲನ್ನು ಅಗೆದು ದೊಡ್ಡ ಹೊಂಡ. ಉಕ್ಕಿದ ನೀರು ಅಲ್ಲಿ ನಿಂತು, ನಿಧಾನವಾಗಿ ಕೆಳಗಿಳಿಯುತ್ತದಂತೆ. ಬಣ್ಣಬಣ್ಣದ ಸ್ಲೈಡ್‌ಗಳು. ಸಾಹೇಬರು ನನ್ನ ಫೈಲ್ ಮೇಲೆ ಟೀ ಲೋಟ ಇಟ್ಟುಕೊಂಡು ಅವಳದನ್ನೇ ನೋಡಿದರು.

“ತಲೆ ಅಂದ್ರೆ ಇದು ನೋಡಿ!”

ನನ್ನ ಕುತ್ತಿಗೆ ಮೇಲಿರುವುದೇನು, ಕುಂಬಳಕಾಯಿಯೇ? ಇಲ್ಲಿ ಯಾರಿಗೆ ಸುಳ್ಳು ಹೇಳಲಿ... ಹೊಟ್ಟೆಕಿಚ್ಚು. ಬರೀ ಹೊಟ್ಟೆಕಿಚ್ಚು.

ಕೊನೆಗೆ ಸಾಹೇಬರು, “ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಟೇಬಲ್ ಮಾಡಮ್ಮ” ಎಂದು ಅವಳಿಗೇ ಹೇಳಿದರು.

ಏಪ್ರಿಲ್ 17, ಮಧ್ಯಾಹ್ನ
ಟೇಬಲ್ ಬಂತು. ಎರಡೂ ಪ್ಲಾನ್ ಊರನ್ನು ಉಳಿಸುತ್ತವೆ. ಗೋಡೆಗೆ ಬಯಲು ಅಗೆಯುವ ರಗಳೆಯಿಲ್ಲ, ಬೇಗ ಮುಗಿಯುತ್ತದೆ. ಸಾಹೇಬರು ಈಗ ನನ್ನ ಕಡೆ ವಾಲಿದ್ದಾರೆ. ಅಷ್ಟು ಸಾಲದು ನನಗೆ. ಅವಳ ತಪ್ಪು ಹುಡುಕುತ್ತಾ ಕೂತೆ.

ಸಿಕ್ಕಿತು! ‘ಅತಿ ದೊಡ್ಡ ಪ್ರವಾಹ: ಹನ್ನೊಂದೂವರೆ ಅಡಿ.’ ನನ್ನ ಪುಸ್ತಕದಲ್ಲಿ ಹನ್ನೆರಡೂವರೆ. ನಾಲ್ಕು ವರ್ಷದ ಹಿಂದೆ ಸೇತುವೆ ರಿಪೇರಿಯಾದಾಗ ಪೇಂಟರ್ ಮಹಾಶಯ ಕಂಬದ ಅಳತೆ ಪಟ್ಟಿಯನ್ನು ಒಂದು ಅಡಿ ಮೇಲೆ ಬರೆದಿಟ್ಟ. ಆಗಿನ ಸಾಹೇಬರಿಗೆ ಹೇಳಿದ್ದೆ. “ನೋಡೋಣ” ಎಂದರು, ನೋಡಲಿಲ್ಲ. ವಾಚ್‌ಮನ್ ಆ ಪಟ್ಟಿ ನೋಡಿಯೇ ರಿಜಿಸ್ಟರ್ ತುಂಬುತ್ತಾನೆ. ನಾನು ಮಾತ್ರ ಕಲ್ಲಿನ ಹಳೆಯ ಗೆರೆಯಿಂದ ಅಳೆಯುತ್ತೇನೆ. ಮೀಟಿಂಗ್‌ನಲ್ಲಿ ಎಲ್ಲರೆದುರೇ ಎತ್ತಬೇಕು. ಮುಖ ಹೇಗಾಗುತ್ತದೋ ನೋಡಬೇಕು.

ಸಂಜೆ 5
ಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಹೊಂಡ ಮೂರು ಅಡಿ ಇಳಿಸುತ್ತದೆ. ಹನ್ನೆರಡೂವರೆ ಹೋಗಿ ಒಂಬತ್ತೂವರೆ. ದಂಡೆ ಹತ್ತು ಅಡಿ. ಅವಳು ಪಾಸ್.

ನನ್ನ ಗೋಡೆಯ ತುದಿ ಹನ್ನೆರಡು. ನೀರು ಅರ್ಧ ಅಡಿ ಮೇಲೆ.

ನಾನೂ ಆ ಹಾಳು ರಿಜಿಸ್ಟರಿನ ಅಂಕಿಯನ್ನೇ ಎತ್ತಿಕೊಂಡಿದ್ದೆ! ಫಾರಂ ತುಂಬುವ ಭರದಲ್ಲಿ ನನ್ನ ಪುಸ್ತಕ ನನಗೇ ನೆನಪಾಗಲಿಲ್ಲ. ಗೋಡೆ ಎತ್ತರಿಸೋಣವೆಂದರೆ, ಹನ್ನೆರಡಕ್ಕಿಂತ ಹೆಚ್ಚಿನ ಭಾರ ಆ ಮಣ್ಣು ತಡೆಯುವುದಿಲ್ಲ ಎಂದು ರಿಪೋರ್ಟ್ ಬರೆದವಳೂ ನಾನೇ.

ಏಪ್ರಿಲ್ 20
“ಅಂಕಿಗಳ ಬಗ್ಗೆ ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?” — ಸಾಹೇಬರು.

ಅವಳು ನನ್ನ ಕಡೆ ತಿರುಗಿದಳು. “ಹಳ್ಳದ ವಿಷ್ಯ ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಸಾರ್? ಅವರೇ ಹೇಳ್ಲಿ.”

ಪುಸ್ತಕ ಬ್ಯಾಗಿನಲ್ಲೇ ಇತ್ತು. “ಎಲ್ಲಾ ಸರಿಯಾಗಿದೆ” ಎಂದೆ.

ಗೋಡೆ ಪಾಸಾಯಿತು. ಮೊದಲು ಬಂದು ಕೈಕುಲುಕಿದವಳು ಅವಳೇ. ಸೋತವಳ ಮುಖ ಸ್ವಲ್ಪವಾದರೂ ಬಾಡಬೇಡವೇ? ಅದನ್ನು ಕಂಡೂ ಹೊಟ್ಟೆ ಉರಿಯಿತು.

ಮೇ 13
ಇಷ್ಟು ದಿನ ಈ ಡೈರಿಯನ್ನು ಮುಟ್ಟಲಿಲ್ಲ. ಸೇತುವೆ ದಾರಿಯನ್ನೂ ಬಿಟ್ಟಿದ್ದೇನೆ, ಸುತ್ತು ಹಾಕಿ ಆಫೀಸಿಗೆ ಹೋಗುತ್ತೇನೆ.

ಇವತ್ತು ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಹಳ್ಳದ ತಿರುವಿನಲ್ಲೇ ಇದೆ ಅವಳ ಮನೆ. ಆ ಪ್ರವಾಹ ಬಂದ ಮೇಲೆ ಹೊಲಿಗೆ ಮೆಷಿನ್ ಅಟ್ಟ ಸೇರಿತ್ತು. ಮಂಡಿನೋವು ಇಟ್ಟುಕೊಂಡೇ ಏಣಿ ಹತ್ತಿ, ಅಲ್ಲೇ ಬಗ್ಗಿ ಕೂತು ಹೊಲಿಯುತ್ತಿದ್ದಳು. ಇವತ್ತು ನೋಡಿದರೆ ಮೆಷಿನ್ ಕೆಳಗೆ, ಕಿಟಕಿ ಪಕ್ಕ.

“ಗೋಡೆ ಬರುತ್ತಂತಲ್ಲೇ! ನಮ್ಮ ಹುಡುಗಿ ಕಟ್ಟಿಸ್ತಿರೋ ಗೋಡೆ ಅಂತ ಬೀದಿಗೆಲ್ಲಾ ಹೇಳ್ಕೊಂಡು ಬಂದೆ. ಏಣಿ ಯಾಕಿನ್ನು ಅಂತ ಪಕ್ಕದ ಮನೆಯವ್ರಿಗೆ ಕೊಟ್ಬಿಟ್ಟೆ.”

ಟೀ ಅರ್ಧ ಲೋಟ ಬಿಟ್ಟು ಎದ್ದು ಬಂದೆ.

ಮೇ 14, ಮಧ್ಯಾಹ್ನ 1
ಹೋಗಿ ಅಳತೆ ಪುಸ್ತಕವನ್ನು ಆ ಇಂಜಿನಿಯರ್ ಹುಡುಗಿಯ ಮೇಜಿನ ಮೇಲಿಟ್ಟೆ. “ರಿಜಿಸ್ಟರ್ ತಪ್ಪು. ಒಂದು ಅಡಿ ಕಮ್ಮಿ ತೋರಿಸ್ತಿದೆ. ಗೋಡೆ ಸಾಕಾಗಲ್ಲ. ನಿನ್ನ ಹೊಂಡಾನೇ ಸರಿ.”

ಆ ಮಾತು ಹೊರಗೆ ಬರುವಷ್ಟರಲ್ಲಿ ಸಾಕುಸಾಕಾಯಿತು.

ಅವಳ ಕಣ್ಣಲ್ಲಿ ನೀರು. “ಬೇರೆ ಯಾರಾದ್ರೂ ಆಗಿದ್ರೆ ಬಾಯೇ ಬಿಡ್ತಿರಲಿಲ್ಲ, ಅಕ್ಕಾ. ನಿಮ್ಗೆ ಯಾವಾಗ ಗೊತ್ತಾಯ್ತು?”

“ನಿನ್ನೆ” ಎಂದೆ. ಎಷ್ಟು ಸಲೀಸಾಗಿ ಬಂತು! ಅವಳ ಕಣ್ಣಲ್ಲಿ ದೊಡ್ಡವಳಾಗುವುದು ಇಷ್ಟು ಹಿತವೆಂದು ಗೊತ್ತಿರಲಿಲ್ಲ.

ಅವಳು ಒಂದೊಂದೇ ಪುಟ ತಿರುಗಿಸುತ್ತಾ ಹೋದಳು. ಕೊನೆಯ ಪುಟ. ಪೆನ್ಸಿಲ್ ಲೆಕ್ಕ. ಮೇಲ್ಗಡೆ, ನನ್ನದೇ ದುಂಡು ಅಕ್ಷರದಲ್ಲಿ — ಏಪ್ರಿಲ್ 17.

ಬೆರಳು ಅಲ್ಲೇ ನಿಂತಿತು. ತಲೆಯೆತ್ತಿ ನೋಡಿದಳು. ಈ ಸಲ ಅಕ್ಕ ಎನ್ನಲಿಲ್ಲ.

“ಮೇಡಂ, ಹಾಗಾದ್ರೆ ಆವತ್ತು ಮೀಟಿಂಗ್‌ನಲ್ಲಿ ನೀವು—”

ನಾನು ತಾರೀಕು ಹಾಕದೆ ಒಂದು ಅಂಕಿಯನ್ನೂ ಬರೆದವಳಲ್ಲ.